ಹಾರ್ಮೋನಿಯಂ ನಿಷೇಧ ಮತ್ತು ಕೇಳುಗರ ಅಂತಸ್ತು: 1971ರ ಸಡಿಲಿಕೆಯ ಬೆಳಕಿನಲ್ಲಿ ಒಂದು ಮರುಚಿಂತನೆ

ಭಾರತದ ರೇಡಿಯೊದಲ್ಲಿ ಹಾರ್ಮೋನಿಯಂ ನುಡಿಸಬಾರದೆಂಬ ನಿಷೇಧ 1940ರ ಮಾರ್ಚ್ 1ರಂದು ಜಾರಿಗೆ ಬಂದು 1971ರವರೆಗೆ ನಡೆಯಿತು. ಇದರ ಹಿನ್ನೆಲೆಯ ಬಗ್ಗೆ ವಿದ್ವಾಂಸರಲ್ಲಿ ಹೆಚ್ಚಿನ ತಕರಾರಿಲ್ಲ. ಆನಂದ ಕುಮಾರಸ್ವಾಮಿ, ಫಾಕ್ಸ್ ಸ್ಟ್ರಾಂಗ್‌ವೇಸ್ ಮೊದಲಾದವರು ಶತಮಾನದ ಆರಂಭದಲ್ಲೇ ಈ ವಾದ್ಯವನ್ನು ಖಂಡಿಸಿದ್ದರು. ರೇಡಿಯೊದಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತಿದ್ದ ಜಾನ್ ಫೋಲ್ಡ್ಸ್ 1938ರಲ್ಲಿ ಅದರ ವಿರುದ್ಧ ಬರೆದರು. ರವೀಂದ್ರನಾಥ ಠಾಕೂರರೂ ದನಿಗೂಡಿಸಿದರು. ಆಕ್ಷೇಪಗಳು ಮೂರು: ವಾದ್ಯ ಪರದೇಶದ್ದು, ಅದರಲ್ಲಿ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವಿಕೆ) ಬರುವುದಿಲ್ಲ, ಅದರ ಸ್ವರಸ್ಥಾನಗಳು ನಮ್ಮ ಶ್ರುತಿಗಳಿಗೆ ಒಗ್ಗುವುದಿಲ್ಲ.

ಈ ವಿವಾದದ ಕುರಿತ ಮುಖ್ಯ ಅಧ್ಯಯನ ಮ್ಯಾಟ್ ರಹೈಮ್ ಅವರ 2011ರ ಪ್ರಬಂಧ. ಪಶ್ಚಿಮಕ್ಕಿಂತ ಭಿನ್ನವಾದ ಒಂದು ರಾಷ್ಟ್ರೀಯ ನಾದವನ್ನು ಗೊತ್ತುಮಾಡುವ ಯತ್ನದ ಭಾಗವಾಗಿ ಈ ನಿಷೇಧವನ್ನು ಅವರು ಓದುತ್ತಾರೆ. ಆಕ್ಷೇಪ ಹುಟ್ಟಿದ್ದು ಕಲಾವಿದರಲ್ಲಲ್ಲ, ಪಂಡಿತರಲ್ಲಿ ಮತ್ತು ಆಡಳಿತಗಾರರಲ್ಲಿ ಎಂದೂ ತೋರಿಸುತ್ತಾರೆ. ಇದನ್ನು ನಾನು ಒಪ್ಪುತ್ತೇನೆ. ಆದರೆ ರಾಷ್ಟ್ರೀಯತೆಯೊಂದರಿಂದಲೇ ಈ ನಿಷೇಧದ ಆಯ್ಕೆಗಳನ್ನು ವಿವರಿಸಲಾಗದು ಎಂಬುದು ನನ್ನ ತಕರಾರು.

ಪರದೇಶದ್ದೆಂಬ ಆಕ್ಷೇಪ ಪಿಟೀಲಿಗೂ ಕ್ಲಾರಿನೆಟ್ಟಿಗೂ ಸಲ್ಲಬೇಕಿತ್ತು; ಎರಡೂ ಆಕಾಶವಾಣಿಯಲ್ಲಿ ನಿರಾತಂಕವಾಗಿ ಕೇಳಿಬಂದವು. ಮೀಂಡ್ ಇಲ್ಲವೆಂಬ ಆಕ್ಷೇಪ ಜಲತರಂಗಕ್ಕೂ ಸಂತೂರಿಗೂ ಬಹುಮಟ್ಟಿಗೆ ಸಲ್ಲುತ್ತದೆ. ಅವುಗಳಿಗೂ ಬಾಗಿಲು ತೆರೆದಿತ್ತು. ಉಳಿಯುವುದು ಶ್ರುತಿಯ ಪ್ರಶ್ನೆ. ಇದೇ ಮೂರರಲ್ಲಿ ಗಟ್ಟಿಯಾದದ್ದು, ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸಂತೂರಿನ ತಂತಿಗಳನ್ನು ರಾಗಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದು, ಕಛೇರಿಯ ನಡುವೆ ಹಾರ್ಮೋನಿಯಂನ ರೀಡುಗಳನ್ನು ಹಾಗೆ ಹೊಂದಿಸಲಾಗದು. ಗಾಯಕನ ಗಾಂಧಾರ ಒಂದೆಡೆ, ಪೇಟಿಯ (ಹಾರ್ಮೋನಿಯಂನ) ಗಾಂಧಾರ ಇನ್ನೊಂದೆಡೆ ನಿಂತಾಗ ಆಗುವ ಘರ್ಷಣೆ ತಿಳಿದ ಕಿವಿಗೆ ನಿಜವಾಗಿಯೂ ಕೇಳಿಸುತ್ತದೆ. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲ ಮತ್ತು ಇ. ಕ್ಲೆಮೆಂಟ್ಸ್ ಶ್ರುತಿ ಹಾರ್ಮೋನಿಯಂ ರೂಪಿಸಹೊರಟದ್ದು ಈ ತೊಡಕಿನಿಂದಲೇ.

ಆದರೆ ಶ್ರುತಿಯೇ ನಿಜವಾದ ಕಾರಣವಾಗಿದ್ದರೆ 1971ರ ಸಡಿಲಿಕೆ ಬೇರೆ ರೂಪ ತಾಳಬೇಕಿತ್ತು. ಆಗ ಒಪ್ಪಿಗೆ ಸಿಕ್ಕಿದ್ದು ಸಾಥಿಗೆ, ಅಂದರೆ ಪಕ್ಕವಾದ್ಯಕ್ಕೆ. ಸ್ವತಂತ್ರ ವಾದನಕ್ಕೆ ಆಮೇಲೂ ಬಹುಕಾಲ ಅವಕಾಶವಿರಲಿಲ್ಲ. ಕಂಠದೊಡನೆ ಸ್ವರಸ್ಥಾನಗಳು ತಿಕ್ಕಾಡುವುದು ಸಾಥಿಯಲ್ಲಿ. ಒಂಟಿಯಾಗಿ ನುಡಿಸುವಾಗ ಎದುರಿಗೆ ಇನ್ನೊಂದು ಗಾಂಧಾರವಿರುವುದಿಲ್ಲ, ತಂಬೂರಿಯ ಹಿನ್ನೆಲೆಯಷ್ಟೇ ಇರುತ್ತದೆ. ದೋಷ ಹೆಚ್ಚು ಕೇಳಿಸುವಲ್ಲಿ ಒಪ್ಪಿ, ಕಡಿಮೆ ಕೇಳಿಸುವಲ್ಲಿ ತಡೆದ ನಿಯಮವನ್ನು ಶ್ರುತಿವಾದ ಹೇಗೆ ಸಮರ್ಥಿಸೀತು?

ಇದಕ್ಕೊಂದು ಸರಳ ಉತ್ತರವಿದೆ: ಸಾರಂಗಿಯವರು ವಿರಳವಾಗುತ್ತಿದ್ದರು, ಗಾಯಕರಿಗೆ ಜೊತೆ ಬೇಕಿತ್ತು, ಆಡಳಿತ ಅನುಕೂಲ ನೋಡಿಕೊಂಡಿತು. ಈ ಉತ್ತರದಲ್ಲಿ ಸತ್ಯವಿದೆ. ಆದರೆ ಅದು ಸಾಥಿಗೆ ಸಿಕ್ಕ ಒಪ್ಪಿಗೆಯನ್ನಷ್ಟೇ ವಿವರಿಸುತ್ತದೆ, ಸ್ವತಂತ್ರ ವಾದನದ ನಿರಾಕರಣೆಯನ್ನಲ್ಲ. ಆ ನಿರಾಕರಣೆಯ ಹಿಂದೆ ವಾದ್ಯದ ಸಾಮಾಜಿಕ ಅಂತಸ್ತಿನ ಬಗೆಗಿನ ತೀರ್ಪು ಇದ್ದಿರಬೇಕೆಂದು ನನಗನಿಸುತ್ತದೆ. ಪೇಟಿ ನಾಟಕ ಕಂಪನಿಯದು, ಭಜನೆಯದು, ಹಾಡು ಕಲಿಯುವ ಮನೆಮಕ್ಕಳದು. ಅದಕ್ಕೆ ಸ್ವತಂತ್ರ ವಾದ್ಯದ ಮನ್ನಣೆ ಕೊಡುವುದೆಂದರೆ ಆ ಕೇಳುಗರ ಅಭಿರುಚಿಗೂ ಮನ್ನಣೆ ಕೊಟ್ಟಂತೆ. ಈ ಮಾತನ್ನು ನಾನು ಎಚ್ಚರದಿಂದಲೇ ಆಡುತ್ತಿದ್ದೇನೆ. ಪ್ರತಿ ಅಧಿಕಾರಿಯ ಮನಸ್ಸಿನಲ್ಲೂ ಇದೇ ಇತ್ತೆನ್ನುವುದು ನನ್ನ ವಾದವಲ್ಲ; ಠಾಕೂರರ ಆಕ್ಷೇಪವನ್ನಂತೂ ಅಂತಸ್ತಿನ ಪ್ರಶ್ನೆಯಾಗಿ ಓದುವುದು ಅವರ ಕಿವಿಗೆ ಮಾಡುವ ಅನ್ಯಾಯ. ವಾದಗಳೆಲ್ಲ ಸವೆದ ಮೇಲೂ ಉಳಿದ ನಿಯಮದ ಬಗ್ಗೆ ಮಾತ್ರ ನಾನು ಹೇಳುತ್ತಿದ್ದೇನೆ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಆಕಾಶವಾಣಿಯಲ್ಲಿ ಚಿತ್ರಗೀತೆಗಳನ್ನು ಹತ್ತಿಕ್ಕಿದಾಗಲೂ ರಾಗದ ಮಾತಿನೊಳಗೆ ಕೇಳುಗರ ಮೇಲಿನ ತೀರ್ಪು ಬೆರೆತಿತ್ತು ಎಂಬುದು ಈ ಊಹೆಗೆ ಒತ್ತಾಸೆಯಾಗುತ್ತದೆ.

ಉತ್ತರ ಕರ್ನಾಟಕದ ನಿದರ್ಶನ ಇಲ್ಲಿ ಮುಖ್ಯ. ಮಲ್ಲಿಕಾರ್ಜುನ ಮನ್ಸೂರ್, ಬಸವರಾಜ ರಾಜಗುರು ಇಬ್ಬರೂ ಎಳೆಯ ವಯಸ್ಸಿನಲ್ಲಿ ನಾಟಕ ಕಂಪನಿಯಲ್ಲಿ ಹಾಡಿದವರು. ಬೆಳಗಾವಿಯ ರಾಮಭಾವು ಬಿಜಾಪುರೆ ಹಾರ್ಮೋನಿಯಂ ಅನ್ನು ಸಾಥಿಗೂ ಸ್ವತಂತ್ರ ವಾದನಕ್ಕೂ ಸಮನಾಗಿ ದುಡಿಸಿಕೊಂಡವರು. 1950ರಲ್ಲಿ ಆಕಾಶವಾಣಿಯ ಧಾರವಾಡ ನಿಲಯ ಆರಂಭವಾದಾಗ ನಿಷೇಧ ಜಾರಿಯಲ್ಲಿತ್ತು. ಬೈಠಕ್ಕಿನಲ್ಲಿ, ಅಂದರೆ ಆಪ್ತ ಕಛೇರಿಯಲ್ಲಿ, ಗಾಯಕನ ಪಕ್ಕದಲ್ಲಿ ಕೂರುತ್ತಿದ್ದ ಪೇಟಿಗೆ ಸ್ಟುಡಿಯೋದಲ್ಲಿ ಜಾಗವಿರಲಿಲ್ಲ. ಆದರೂ ಪೇಟಿಯೊಡನೆ ಹಾಡುತ್ತಿದ್ದ ಆ ಗಾಯಕರ ಶ್ರುತಿಶುದ್ಧಿಯನ್ನು ಯಾರೂ ಪ್ರಶ್ನಿಸಿರಲಿಲ್ಲ. ಪೇಟಿ ಕಿವಿಯನ್ನು ಕೆಡಿಸುತ್ತದೆಂಬ ಮಾತಿಗೆ ಇದಕ್ಕಿಂತ ಬಲವಾದ ಪ್ರತಿಸಾಕ್ಷಿ ಸಿಗುವುದು ಕಷ್ಟ.

ನಿಷೇಧ ಕೇಳುಗರ ರುಚಿಯನ್ನು ಬದಲಿಸಲಿಲ್ಲ ಎನ್ನಲು ಬೈಠಕ್ಕುಗಳೇ ಸಾಕು. ವಾದಕರ ಬದುಕನ್ನು ಅದು ಎಷ್ಟು ಬದಲಿಸಿತು, ಎಷ್ಟು ಮಂದಿ ರೇಡಿಯೊ ಸಂಭಾವನೆಗಾಗಿ ಬೇರೆ ವಾದ್ಯ ಹಿಡಿದರು ಎಂಬ ಪ್ರಶ್ನೆ ತೆರೆದೇ ಇದೆ. ಅದಕ್ಕೆ ಉತ್ತರ ಹುಡುಕಬೇಕಾದದ್ದು ನಿಲಯಗಳ ಕರಾರುಪತ್ರಗಳಲ್ಲಿ ಮತ್ತು ವಾದಕರ ಮನೆತನಗಳ ನೆನಪಿನಲ್ಲಿ.