ನಾಟಿಂಗ್ ಹಿಲ್ ಕಾರ್ನಿವಲ್

ಲಂಡನ್ ನಗರದ ಪಶ್ಚಿಮಭಾಗದ ನಾಟಿಂಗ್ ಹಿಲ್ ಪ್ರದೇಶದಲ್ಲಿ, ಪ್ರತಿವರ್ಷವೂ ಆಗಸ್ಟ್ ತಿಂಗಳ ಕೊನೆಯ ಸೋಮವಾರ ಮತ್ತು ಅದರ ಹಿಂದಿನ ಭಾನುವಾರ ಜರುಗುವ, ಕೆರಿಬಿಯನ್ ಮೂಲದ ಜನರ ಬೀದಿ ಉತ್ಸವ. ನೋಡಬರುವವರು ಹತ್ತು ಲಕ್ಷವನ್ನು ಮುಟ್ಟುತ್ತಾರೆಂಬ ಮಾತು ರೂಢಿಯಲ್ಲಿದ್ದರೂ, ಟಿಕೆಟ್ಟಾಗಲಿ ಬಾಗಿಲಾಗಲಿ ಇಲ್ಲದ ಬೀದಿಗಳ ಲೆಕ್ಕವಿದಾದ್ದರಿಂದ ಅಂದಾಜೆಂದೇ ಗ್ರಹಿಸತಕ್ಕದ್ದು.

ಉಗಮ: 1958ರ ಬೇಸಗೆಯ ಕೊನೆಯಲ್ಲಿ ಇದೇ ಬೀದಿಗಳಲ್ಲಿ ಬಿಳಿಯ ಯುವಕರ ಗುಂಪುಗಳು ವೆಸ್ಟ್ ಇಂಡೀಸಿನಿಂದ ಬಂದು ನೆಲೆಸಿದ್ದವರ ಮೇಲೆರಗಿದುವು. ಅದಕ್ಕೆ ಪ್ರತ್ಯುತ್ತರವೆಂಬಂತೆ, ಟ್ರಿನಿಡಾಡಿನಲ್ಲಿ ಜನಿಸಿದ ಪತ್ರಕರ್ತೆ ಕ್ಲಾಡಿಯಾ ಜೋನ್ಸ್ 1959ರ ಜನವರಿ 30ರಂದು ಸೇಂಟ್ ಪ್ಯಾಂಕ್ರಸ್ ಟೌನ್ ಹಾಲಿನಲ್ಲಿ ಕಾರ್ನಿವಲ್ ಒಂದನ್ನು ಏರ್ಪಡಿಸಿದರು. ಆದರೆ ಅದು ಚಳಿಗಾಲದ, ಚಾವಣಿಯಡಿಯ ಉತ್ಸವ. ಬೀದಿಗಿಳಿದದ್ದು 1966ರಲ್ಲಿ: ಸಮಾಜಸೇವಕಿ ರೋನ್ ಲಾಸ್ಲೆಟ್ ನೆರೆಹೊರೆಯ ಮಕ್ಕಳಿಗಾಗಿ ನಡೆಸಿದ ಹಬ್ಬದಲ್ಲಿ, ರಸೆಲ್ ಹೆಂಡರ್ಸನ್ ಮತ್ತು ಸಂಗಡಿಗರು ಕೊರಳಿಗೆ ತೂಗುಹಾಕಿದ ಉಕ್ಕಿನ ಪ್ಯಾನ್‌ಗಳನ್ನು ನುಡಿಸುತ್ತ ನಿಂತಲ್ಲಿಂದ ನಡೆಯತೊಡಗಲು, ಜನ ಅವರ ಬೆನ್ನುಹತ್ತಿದರು. ಗರಿಯ ಕಿರೀಟಗಳನ್ನೇ ಕಾರ್ನಿವಲ್ಲೆಂದು ತಿಳಿದವರು ಗಮನಿಸಬೇಕಾದ ಸಂಗತಿಯಿದು. ಹೊತ್ತು ನಡೆಯಬಲ್ಲ ವಾದ್ಯವಿಲ್ಲದಿದ್ದಲ್ಲಿ ಅಂದು ಮೆರವಣಿಗೆ ಹೊರಡುತ್ತಿರಲಿಲ್ಲ.

ಪ್ಯಾನ್: ಟ್ರಿನಿಡಾಡಿನ ಬ್ರಿಟಿಷ್ ಸರ್ಕಾರ 1880ರ ದಶಕದಲ್ಲಿ ಚರ್ಮವಾದ್ಯಗಳನ್ನು ನಿರ್ಬಂಧಿಸಲು, ಜನ ಬಿದಿರಿನ ಕೊಳವೆಗಳನ್ನು ನೆಲಕ್ಕೆ ಕುಟ್ಟಿ ತಾಳ ಹಿಡಿದರು; 1930ರ ದಶಕದಲ್ಲಿ ಬಿಸ್ಕತ್ತಿನ ಡಬ್ಬಿಗಳೂ ಬಳಿಕ ಎಣ್ಣೆಯ ಪೀಪಾಯಿಗಳೂ ಬಿದಿರಿನ ಸ್ಥಾನಕ್ಕೆ ಬಂದುವು. ಸುಮಾರು 200 ಲೀಟರ್ ಹಿಡಿಯುವ ಪೀಪಾಯಿಯ ತಳವನ್ನು ಭಾರವಾದ ಸುತ್ತಿಗೆಯಿಂದ ಬಾಣಲೆಯಂತೆ ಒಳಕ್ಕೆ ತಗ್ಗಿಸಿ, ಸ್ವರಸ್ಥಾನಗಳನ್ನು ಗುರುತಿಸಿ, ಅವುಗಳ ಅಂಚುಗಳಲ್ಲಿ ಮೊಂಡುಮೊನೆಯ ಉಳಿಯಿಂದ ಬಡಿದು ಗೆರೆ ಮೂಡಿಸಿ, ಪಕ್ಕದ ತಗಡನ್ನು ಬೇಕಾದ ಉದ್ದಕ್ಕೆ ಕತ್ತರಿಸಿ, ಬೆಂಕಿಯಲ್ಲಿ ಕಾಯಿಸಿ ಹದಗೊಳಿಸಿದ ಮೇಲೆಯೇ ಶ್ರುತಿಗೂಡಿಸುವ ಕಾರ್ಯ ಆರಂಭವಾಗುತ್ತದೆ. ಸ್ವರಸ್ಥಾನ ದೊಡ್ಡದಾದಷ್ಟೂ ನಾದ ಮಂದ್ರ. ಟೆನರ್ ಪ್ಯಾನಿನ ಪ್ರಚಲಿತ ವಿನ್ಯಾಸದಲ್ಲಿ ಅಕ್ಕಪಕ್ಕದ ಸ್ವರಗಳು ಸರಿಗಮದ ಕ್ರಮದಲ್ಲಿರದೆ, ಷಡ್ಜ–ಪಂಚಮ ಸಂಬಂಧದಲ್ಲಿ ವರ್ತುಲಾಕಾರವಾಗಿ ನಿಲ್ಲುತ್ತವೆ. ನೆರೆಯ ಸ್ವರ ಮಿಡಿದರೂ ಅಪಸ್ವರವಾಗದೆ ಪೋಷಕವಾಗಲೆಂಬುದು ಇದರ ಮರ್ಮ. ನುಡಿಸುವ ಕೋಲುಗಳ ತುದಿಗೆ ರಬ್ಬರ್ ಸುತ್ತಿರುತ್ತಾರೆ. ಬಾಸ್ ಪ್ಯಾನಿಗಾದರೋ ಪೀಪಾಯಿ ಇಡಿಯಾಗಿಯೇ ಬೇಕು, ಒಬ್ಬನಿಗೆ ಆರೋ ಒಂಬತ್ತೋ ಬೇಕು. ಆದಕಾರಣ ಈಗಿನ ದೊಡ್ಡ ತಂಡಗಳು ಕೊರಳನ್ನು ಬಿಟ್ಟು ಗಾಲಿಗಳ ಚೌಕಟ್ಟನ್ನೂ ಲಾರಿಯನ್ನೂ ಆಶ್ರಯಿಸಿವೆ.

ಟ್ರಿನಿಡಾಡಿಗೆ 1845ರಿಂದ ಕರಾರಿನ ಕೂಲಿಗಳಾಗಿ ಹೋದ ಭಾರತೀಯರು ತಮ್ಮೊಡನೆ ಒಯ್ದ, ಕೊರಳಿಗೆ ತೂಗುಹಾಕಿ ಕೋಲುಗಳಿಂದ ಬಾರಿಸುವ ತಾಸೆ ನಮ್ಮ ಕರಾವಳಿಯ ಹುಲಿವೇಷದ ತಾಸೆಗೆ ಸಗೋತ್ರವೆನಿಸುತ್ತದೆ. ಪ್ಯಾನಿನ ಮೇಲೆ ಅದರ ಪ್ರಭಾವವಿದ್ದಿರಬಹುದೆಂಬುದು ಊಹೆಯ ಮಟ್ಟದಲ್ಲಿ ಮಾತ್ರ ಹೇಳತಕ್ಕ ಮಾತು.

ಮೆರವಣಿಗೆ: 1973ರಿಂದ ಉತ್ಸವದ ಸಂಘಟಕ ಲೆಸ್ಲಿ ಪಾಮರ್ ವೇಷದ ತಂಡಗಳನ್ನು ಹೆಚ್ಚಿಸಿ, ಬೀದಿಬದಿಯಲ್ಲಿ ಬೃಹತ್ ಧ್ವನಿವರ್ಧಕಗಳಿಗೂ ಎಡೆಗೊಟ್ಟರು. 1976ರಲ್ಲಿ ಪೋಲೀಸರೊಡನೆ ಘರ್ಷಣೆಯಾಯಿತು. ಈಗ ಭಾನುವಾರ ಮಕ್ಕಳ ವೇಷಗಳಿಗೆ ಪ್ರಾಧಾನ್ಯ. ಅಂಗಡಿಗಳ ಗಾಜಿಗೆಲ್ಲ ಪ್ಲೈವುಡ್ ಹಲಗೆ ಜಡಿದಿರುತ್ತದೆ; ಕೆಂಡದ ಮೇಲಿನ ಮಸಾಲೆಕೋಳಿಯ ಹೊಗೆಯಲ್ಲಿ ನಿಂತವನಿಗೆ ಧ್ವನಿವರ್ಧಕದ ಮಂದ್ರನಾದ ಕಿವಿಗಿಂತ ಮೊದಲು ಎದೆಗೂಡಿಗೆ ತಾಗುತ್ತದೆ. 2017ರ ಜೂನ್‌ನಲ್ಲಿ ಸಮೀಪದ ಗ್ರೆನ್‌ಫೆಲ್ ಗೋಪುರಕ್ಕೆ ಬೆಂಕಿ ಬಿದ್ದು 72 ಮಂದಿ ಮಡಿದರು. ಅವರ ನೆನಪಿಗಾಗಿ ಈಚಿನ ವರ್ಷಗಳ ಉತ್ಸವದಲ್ಲಿ ಮಧ್ಯಾಹ್ನ 3 ಗಂಟೆಗೆ ಸಮಸ್ತ ವಾದ್ಯಗಳೂ 72 ಸೆಕೆಂಡುಗಳ ಕಾಲ ನಿಲ್ಲುತ್ತವೆ.