ಬಟ್ಟಲು ಹಿಡಿದವರ ಕೈಯಲ್ಲಿ ಅರಸ

ಅರಸನಾದ ಲೆಮುವೇಲನಿಗೆ ಅವನ ತಾಯಿ ಮದ್ಯದ ಕುರಿತು ನೀಡಿದ ಎಚ್ಚರಿಕೆ ಜ್ಞಾನೋಕ್ತಿಗಳ ಗ್ರಂಥದ 31ನೆಯ ಅಧ್ಯಾಯದಲ್ಲಿದೆ. ಆ ತಾಯಿಯ ಚಿಂತೆ ಮಗನ ದೇಹಾರೋಗ್ಯದ್ದಲ್ಲ. ಅವನ ಬಾಗಿಲಿಗೆ ನ್ಯಾಯ ಬೇಡಿ ಬರುವ ಬಡವರದು. ಅಧಿಕಾರದಲ್ಲಿರುವವನು ವ್ಯಸನಿಯಾದರೆ ಆ ಅಧಿಕಾರ ಯಾರ ಕೈಗೆ ಸೇರುತ್ತದೆ? ಮೊಘಲ್ ಅರಮನೆಯ ಇತಿಹಾಸ ಈ ಪ್ರಶ್ನೆಯನ್ನು ಮೂರು ಸಲ ಎದುರಿಸಿತು.

ಅಕ್ಬರನ ಮೂವರು ಗಂಡುಮಕ್ಕಳೂ ಕುಡಿತಕ್ಕೆ ವಶರಾದರು. 1580ರಲ್ಲಿ ಫತೇಪುರ ಸಿಕ್ರಿಗೆ ಬಂದ ಯೇಸುಸಭೆಯ ಗುರು ಮೊನ್ಸೆರಾತೆಯವರಿಂದ ಪಾಠ ಕಲಿತ ಮುರಾದ್ 1599ರಲ್ಲಿ ದಖ್ಖನಿನಲ್ಲಿ ತೀರಿಕೊಂಡ. ಬಿಜಾಪುರದ ಇಮ್ಮಡಿ ಇಬ್ರಾಹಿಂ ಆದಿಲ್ ಶಾಹನ ಮಗಳನ್ನು ವರಿಸಿದ್ದ ದಾನಿಯಾಲ್‌ಗೆ ತಂದೆ ಮದ್ಯವನ್ನು ತಡೆದು ಕಾವಲಿಟ್ಟನು. ರಾಜಕುಮಾರನ ಹಠಕ್ಕೆ ಮಣಿದ ಸೇವಕನು ಬಂದೂಕಿನ ನಳಿಗೆಯಲ್ಲಿ ಮದ್ಯವನ್ನು ತುಂಬಿ ತಂದುಕೊಟ್ಟನು. ತುಕ್ಕು ಬೆರೆತ ಆ ಮದ್ಯವನ್ನು ಕುಡಿದು ದಾನಿಯಾಲ್ 1605ರಲ್ಲಿ ಬುರ್ಹಾನ್‌ಪುರದಲ್ಲಿ ಮಡಿದನು. ಈ ವೃತ್ತಾಂತವನ್ನು ಬರೆದಿಟ್ಟವನು ಅವನ ಅಣ್ಣನಾದ ಜಹಾಂಗೀರನೇ.

ತನ್ನ ಸ್ಥಿತಿಯನ್ನೂ ಜಹಾಂಗೀರ್ ಮರೆಮಾಚಲಿಲ್ಲ. ಹದಿನೆಂಟರ ಪ್ರಾಯದಲ್ಲಿ ಆರಂಭವಾದ ಚಟ ದಿನಕ್ಕೆ 20 ಬಟ್ಟಲು ಮದ್ಯಕ್ಕೇರಿತ್ತು. ಕೈ ನಡುಗಿ ಬಟ್ಟಲು ಹಿಡಿಯಲಾಗದೆ, ಬೇರೆಯವರು ಕುಡಿಸಬೇಕಾಗುತ್ತಿತ್ತೆಂದು ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿದ್ದಾನೆ. ವೈದ್ಯನ ಎಚ್ಚರಿಕೆಯಿಂದ ಪ್ರಮಾಣವನ್ನು ತಗ್ಗಿಸಿದರೂ ಮದ್ಯವಾಗಲಿ ಅಫೀಮಾಗಲಿ ಅವನನ್ನು ಪೂರ್ಣವಾಗಿ ಬಿಡಲಿಲ್ಲ.

ಇಂಥವನನ್ನು ವಶಪಡಿಸಿಕೊಳ್ಳುವುದು ಸುಲಭವೆಂದು ತೋರಬಹುದು. 1615ರಲ್ಲಿ ಬಂದ ಇಂಗ್ಲಿಷ್ ರಾಯಭಾರಿ ಥಾಮಸ್ ರೋ, ಇಲ್ಲಿ ಬೆಲೆಬಾಳುವ ಒಡವೆಗಿಂತ ಕೆಲವು ಪೀಪಾಯಿ ದ್ರಾಕ್ಷಾರಸಕ್ಕೇ ಹೆಚ್ಚು ಮನ್ನಣೆಯೆಂದು ಕಂಪನಿಗೆ ತಿಳಿಸಿದನು. ಆದರೂ 1619ರಲ್ಲಿ ಆತ ಹಿಂದಿರುಗಿದಾಗ, ಬಯಸಿದ್ದ ಪೂರ್ಣ ಒಪ್ಪಂದ ಅವನ ಕೈಗೆ ದಕ್ಕಿರಲಿಲ್ಲ. ಕಾಣಿಕೆ ಹೊತ್ತು ಬಂದ ಹೊರಗಿನವನಿಗೆ ಸಾಮ್ರಾಜ್ಯ ಮಾರಾಟವಾಗಲಿಲ್ಲ.

ಅಧಿಕಾರ ಸರಿದುದು ಒಳಗಿನವರ ಕಡೆಗೆ. 1611ರಲ್ಲಿ ಅವನನ್ನು ವಿವಾಹವಾದ ನೂರ್ ಜಹಾನಳ ಹೆಸರಿನಲ್ಲಿ ನಾಣ್ಯಗಳು ಹೊರಟವು, ಆಜ್ಞೆಗಳು ಹೊರಟವು. 1621ರ ಕಾಯಿಲೆಯಲ್ಲಿ ಅವನ ಮದ್ಯವನ್ನು ಮೆಲ್ಲಮೆಲ್ಲನೆ ಕಡಿಮೆ ಮಾಡಿದವಳೂ ಆಕೆಯೇ. ಆಕೆಯ ಆರೈಕೆ ವೈದ್ಯರದ್ದಕ್ಕಿಂತ ಮಿಗಿಲೆಂದು ಅವನು ಕೃತಜ್ಞತೆಯಿಂದ ಬರೆದನು. ಆಕೆಯ ಪ್ರಭಾವಕ್ಕೆ ಅವನ ಅಮಲೊಂದೇ ಕಾರಣವೆನ್ನುವುದು ಆಕೆಯ ಸಾಮರ್ಥ್ಯಕ್ಕೆ ಮಾಡುವ ಅನ್ಯಾಯ. ಆದರೆ 1626ರಲ್ಲಿ ಸೇನಾಪತಿ ಮಹಾಬತ್ ಖಾನ್ ಝೇಲಂ ನದಿಯ ದಡದಲ್ಲಿ ಬಾದಶಹನನ್ನೇ ವಶಕ್ಕೆ ತೆಗೆದುಕೊಂಡನು. ದುರ್ಬಲನಾದ ದೊರೆಯ ಬಳಿಗೆ ಆರೈಕೆಯ ಕೈಯೂ ಬಂದೀತು, ಸೆರೆ ಹಿಡಿಯುವ ಕೈಯೂ ಬಂದೀತು. ಆರಿಸಿಕೊಳ್ಳುವ ಶಕ್ತಿ ಅವನಲ್ಲಿ ಉಳಿದಿರುವುದಿಲ್ಲ.

ವ್ಯಸನವು ಮನುಷ್ಯನನ್ನು ಶತ್ರುವಿಗೇ ಒಪ್ಪಿಸುತ್ತದೆಂದು ಹೇಳಲಾಗದು, ಹತ್ತಿರವಿರುವವರಿಗೆ ಒಪ್ಪಿಸುತ್ತದೆ. ಅವರು ಒಳ್ಳೆಯವರಾಗಿದ್ದರೆ ಅದು ಅದೃಷ್ಟ, ಸದ್ಗುಣವಲ್ಲ. ಊರಿನ ಹಿರಿಯರು, ಸಂಘಗಳ ಮುಖಂಡರು, ಮನೆಯ ಯಜಮಾನರು ಇವರೆಲ್ಲರ ಕೈಯಲ್ಲೂ ಇತರರ ಬಾಳಿನ ಒಂದು ಪಾಲು ಇದೆ. ಅಂಥವರ ಪಕ್ಕದಲ್ಲಿ ನಿಲ್ಲುವ ನಾವು ಬಂದೂಕಿನಲ್ಲಿ ಮದ್ಯ ತಂದ ಸೇವಕನಂತೆ ಹಠಕ್ಕೆ ಮಣಿಯುವೆವೋ, ಬಟ್ಟಲನ್ನು ತಗ್ಗಿಸಿದ ಮಡದಿಯಂತೆ ನಡೆಯುವೆವೋ? ಲೆಮುವೇಲನ ತಾಯಿಯ ಧೈರ್ಯವನ್ನು ದೇವರು ನಮ್ಮ ಕುಟುಂಬಗಳಿಗೂ ದಯಪಾಲಿಸಲಿ.