ಮೊದಲನೆಯ ಮಹಾಯುದ್ಧದ ಬ್ರಿಟಿಷ್ ಟ್ಯಾಂಕುಗಳು

ಮೊದಲನೆಯ ಮಹಾಯುದ್ಧದ ಬ್ರಿಟಿಷ್ ಟ್ಯಾಂಕುಗಳು 1915ರಿಂದ 1918ರ ಅವಧಿಯಲ್ಲಿ ರೂಪುಗೊಂಡು, ಮುಖ್ಯವಾಗಿ ಫ್ರಾನ್ಸ್ ಮತ್ತು ಬೆಲ್ಜಿಯಂಗಳ ರಣರಂಗದಲ್ಲಿ ಬಳಕೆಯಾದ ಕವಚಾವೃತ ಯುದ್ಧವಾಹನಗಳು. ಉಕ್ಕಿನ ಪಟ್ಟಿಗಳ ಮೇಲೆ ಉರುಳುತ್ತ, ಮುಳ್ಳುತಂತಿಯನ್ನು ತುಳಿದು, ಕಂದಕವನ್ನು ದಾಟಬಲ್ಲ ಇಂಥ ವಾಹನವು ಯುದ್ಧದಲ್ಲಿ ಮೊಟ್ಟಮೊದಲು ಕಾಣಿಸಿಕೊಂಡದ್ದು 1916ರ ಸೆಪ್ಟೆಂಬರ್ 15ರಂದು, ಉತ್ತರ ಫ್ರಾನ್ಸಿನ ಸೋಮ್ ಪ್ರದೇಶದಲ್ಲಿ. ಟ್ಯಾಂಕೇ ಮಹಾಯುದ್ಧವನ್ನು ಗೆದ್ದುಕೊಟ್ಟಿತೆಂಬ ಮಾತು ಜನಪ್ರಿಯವಾಗಿದೆ. ಆದರೆ ಕದನಗಳ ಲೆಕ್ಕವನ್ನು ದಿನದಿನಕ್ಕೆ ನೋಡಿದರೆ ಬೇರೆಯದೇ ಚಿತ್ರ ದೊರೆಯುತ್ತದೆ. ಮೊದಲ ದಿನ ಶತ್ರುವಿನ ಸಾಲನ್ನು ಭೇದಿಸಿದ ಟ್ಯಾಂಕುಗಳಲ್ಲಿ ಬಹುಪಾಲು ಎರಡು ಮೂರು ದಿನಗಳೊಳಗೆ ಕೆಟ್ಟು, ಹೂತು ಅಥವಾ ಸುಟ್ಟು ನಿಂತುಹೋಗುತ್ತಿದ್ದವು. ಒಳಗಿದ್ದ ಸಿಬ್ಬಂದಿಯೂ ಅಷ್ಟರಲ್ಲಿ ನಿತ್ರಾಣಗೊಂಡಿರುತ್ತಿದ್ದರು.

ಹಿನ್ನೆಲೆ

1914ರ ಕೊನೆಯ ಹೊತ್ತಿಗೆ ಸ್ವಿಟ್ಜರ್‌ಲೆಂಡಿನ ಗಡಿಯಿಂದ ಉತ್ತರ ಸಮುದ್ರದವರೆಗೆ ಎರಡೂ ಪಕ್ಷಗಳ ಸೈನ್ಯಗಳು ಕಂದಕಗಳಲ್ಲಿ ಹುದುಗಿ ಕುಳಿತಿದ್ದವು. ಮುಳ್ಳುತಂತಿಯ ಹಿಂದೆ ಇರಿಸಿದ ಕೆಲವೇ ಮೆಷಿನ್ ಗನ್ನುಗಳು ಇಡೀ ಪದಾತಿ ತುಕಡಿಯನ್ನು ತಡೆಯಬಲ್ಲವಾಗಿದ್ದವು. ಫಿರಂಗಿಗಳಿಂದ ದಿನಗಟ್ಟಲೆ ಗುಂಡಿನ ಮಳೆ ಸುರಿಸಿ ತಂತಿಯನ್ನು ಕತ್ತರಿಸಬಹುದಿತ್ತು. ಆದರೆ ಆ ದಾಳಿಯೇ ಶತ್ರುವಿಗೆ ಮುನ್ಸೂಚನೆಯಾಗುತ್ತಿತ್ತು, ನೆಲವನ್ನೂ ಕೆಸರಿನ ಗುಂಡಿಗಳ ಬಯಲಾಗಿಸುತ್ತಿತ್ತು. ಗಾಲಿಗಳ ಮೇಲೆ ಓಡುವ ಕವಚದ ಕಾರುಗಳು ಆಗಲೇ ಇದ್ದವು. ಅಂಥ ನೆಲದಲ್ಲಿ ಅವು ನಿರುಪಯುಕ್ತ.

ಬ್ರಿಟಿಷ್ ಸೈನ್ಯದ ಎಂಜಿನಿಯರ್ ವಿಭಾಗದ ಅಧಿಕಾರಿ ಅರ್ನೆಸ್ಟ್ ಸ್ವಿಂಟನ್ ಅಮೆರಿಕದ ಹೋಲ್ಟ್ ಕಂಪನಿಯ ಟ್ರ್ಯಾಕ್ಟರಿನಲ್ಲಿ ಇದಕ್ಕೆ ಪರಿಹಾರ ಕಂಡನು. ಹೊಲ ಉಳಲೆಂದು ತಯಾರಾದ, ಗಾಲಿಗಳಿಗೆ ಬದಲಾಗಿ ಸುತ್ತುವ ಪಟ್ಟಿಗಳಿದ್ದ ಆ ಯಂತ್ರವನ್ನು ಸೈನ್ಯವು ಭಾರಿ ಫಿರಂಗಿಗಳನ್ನು ಎಳೆಯಲು ಬಳಸುತ್ತಿತ್ತು. ಅದಕ್ಕೆ ಕವಚ ತೊಡಿಸಿ ಬಂದೂಕು ಕೂಡಿಸಬೇಕೆಂದು 1914ರ ಅಕ್ಟೋಬರಿನಲ್ಲಿ ಅವನು ಸೂಚಿಸಿದನು. ಸಾಮ್ರಾಜ್ಯ ರಕ್ಷಣಾ ಸಮಿತಿಯ ಕಾರ್ಯದರ್ಶಿ ಮಾರಿಸ್ ಹ್ಯಾಂಕಿ ಈ ವಿಚಾರವನ್ನು ಸರ್ಕಾರದ ಮುಂದಿಟ್ಟನು. ಕಲ್ಪನೆ ಹೊಸದೇನೂ ಆಗಿರಲಿಲ್ಲ. ಎಚ್. ಜಿ. ವೆಲ್ಸ್ 1903ರಲ್ಲೇ ಇಂಥ ಯಂತ್ರಗಳ ಕುರಿತು ಕಥೆ ಬರೆದಿದ್ದನು. ಆಸ್ಟ್ರಿಯದ ಅಧಿಕಾರಿ ಗುಂಟರ್ ಬರ್ಸ್ಟಿನ್ 1911ರಲ್ಲಿ, ಆಸ್ಟ್ರೇಲಿಯದ ಲ್ಯಾನ್ಸ್‌ಲಾಟ್ ಡಿ ಮೋಲ್ 1912ರಲ್ಲಿ ನಕ್ಷೆಗಳನ್ನು ಸಲ್ಲಿಸಿದ್ದರು. ಎರಡೂ ಕಡತ ಸೇರಿದವು.

ವಿನ್ಯಾಸ ಮತ್ತು ಪ್ರಯೋಗ

ಭೂಸೈನ್ಯದ ಈ ಯಂತ್ರವನ್ನು ಕೈಗೆತ್ತಿಕೊಂಡದ್ದು ನೌಕಾಪಡೆ ಎಂಬುದು ಈ ಇತಿಹಾಸದ ಒಂದು ವೈಚಿತ್ರ್ಯ. ನೌಕಾ ಇಲಾಖೆಯ ಮುಖ್ಯಸ್ಥನಾಗಿದ್ದ ವಿನ್‌ಸ್ಟನ್ ಚರ್ಚಿಲ್ 1915ರ ಫೆಬ್ರವರಿಯಲ್ಲಿ ‘ಭೂನೌಕಾ ಸಮಿತಿ’ಯನ್ನು ನೇಮಿಸಿ, ತನ್ನ ಇಲಾಖೆಯ ಹಣವನ್ನೇ ಇದಕ್ಕೆ ಒದಗಿಸಿದನು. ಯುದ್ಧನೌಕೆಗಳ ವಿನ್ಯಾಸಕ ಯೂಸ್ಟೇಸ್ ಟೆನಿಸನ್ ಡೆಯಿನ್‌ಕೋರ್ಟ್ ಅದರ ಅಧ್ಯಕ್ಷನಾದನು. ಬ್ಯಾಂಕ್ ಉದ್ಯಮಿಯಾಗಿದ್ದ ಆಲ್ಬರ್ಟ್ ಸ್ಟರ್ನ್ ಕಾರ್ಯದರ್ಶಿಯಾದನು. ತಯಾರಿಕೆಯ ಹೊಣೆ ಲಿಂಕನ್ ನಗರದ ಕೃಷಿಯಂತ್ರಗಳ ಕಾರ್ಖಾನೆ ವಿಲಿಯಂ ಫಾಸ್ಟರ್ ಕಂಪನಿಗೆ ಬಂದಿತು. ಅಲ್ಲಿನ ವ್ಯವಸ್ಥಾಪಕ ವಿಲಿಯಂ ಟ್ರಿಟನ್ ಹಾಗೂ ಎಂಜಿನಿಯರ್ ವಾಲ್ಟರ್ ವಿಲ್ಸನ್ ಸೇರಿ ಮೊದಲ ಮಾದರಿಯನ್ನು 1915ರ ಸೆಪ್ಟೆಂಬರಿನಲ್ಲಿ ಸಿದ್ಧಪಡಿಸಿದರು. ಮುಂದೆ ‘ಲಿಟ್ಲ್ ವಿಲ್ಲಿ’ ಎಂಬ ಹೆಸರು ಪಡೆದ ಈ ಯಂತ್ರಕ್ಕೆ ಷಿಕಾಗೋದಿಂದ ತರಿಸಿದ ಪಟ್ಟಿಗಳನ್ನು ಜೋಡಿಸಲಾಗಿತ್ತು. ಕಂದಕದ ಮೇಲೆ ಬಂದಾಗ ಅವು ಜೋತುಬಿದ್ದು ಗಾಲಿಗಳಿಂದ ಕಳಚಿಕೊಳ್ಳುತ್ತಿದ್ದವು. ಅದೇ ತಿಂಗಳ 22ರ ವೇಳೆಗೆ ಟ್ರಿಟನ್ ಹೊಸ ಪಟ್ಟಿಯೊಂದನ್ನು ರೂಪಿಸಿದನು. ಕೊಂಡಿಗಳಿಗೆ ಉಕ್ಕಿನ ಫಲಕಗಳನ್ನು ರಿವೆಟ್ ಮಾಡಿ, ಅವು ಚೌಕಟ್ಟಿನ ಅಂಚನ್ನು ಹಿಡಿದುಕೊಂಡೇ ಸರಿಯುವಂತೆ ಮಾಡಿದ ಈ ಪಟ್ಟಿಯೇ ಇಡೀ ಯೋಜನೆಯ ನಿಜವಾದ ಆವಿಷ್ಕಾರ ಎನ್ನಬಹುದು. ಉಳಿದ ಭಾಗಗಳೆಲ್ಲ ಬೇರೆ ಬೇರೆ ಯಂತ್ರಗಳಲ್ಲಿ ಆಗಲೇ ಇದ್ದಂಥವು.

8 ಅಡಿ ಅಗಲದ ಕಂದಕವನ್ನು ದಾಟಬೇಕೆಂದು ಸೈನ್ಯವು ಷರತ್ತು ವಿಧಿಸಿದಾಗ ಲಿಟ್ಲ್ ವಿಲ್ಲಿಯ ಆಕಾರ ಸಾಲದಾಯಿತು. ಪಟ್ಟಿಯನ್ನು ವಾಹನದ ಮೈಯ ಸುತ್ತಲೂ, ನೆತ್ತಿಯ ಮೇಲಿನಿಂದಲೇ ಹಾಯಿಸುವ ಓರೆ ಚತುರ್ಭುಜದ ವಿನ್ಯಾಸವನ್ನು ವಿಲ್ಸನ್ ರೂಪಿಸಿದನು. ಆ ಆಕಾರದ ಮೊದಲ ಯಂತ್ರ ‘ಮದರ್’ ಅನ್ನು 1916ರ ಫೆಬ್ರವರಿ 2ರಂದು ಲಂಡನ್ನಿನ ಉತ್ತರಕ್ಕಿರುವ ಹ್ಯಾಟ್‌ಫೀಲ್ಡ್ ಉದ್ಯಾನದಲ್ಲಿ ಸಚಿವರ ಮುಂದೆ ಓಡಿಸಿ ತೋರಿಸಲಾಯಿತು. ಯುದ್ಧ ಸಚಿವ ಕಿಚನರ್ ಇದನ್ನು ಯಂತ್ರದ ಆಟಿಕೆಯೆಂದು ತಳ್ಳಿಹಾಕಿದನೆಂದು ಹೇಳುತ್ತಾರೆ. ಆದರೂ 100 ಯಂತ್ರಗಳಿಗೆ ಆದೇಶ ಹೊರಟಿತು. ಏಪ್ರಿಲಿನಲ್ಲಿ ಅದನ್ನು 150ಕ್ಕೆ ಏರಿಸಲಾಯಿತು.

ಹೆಸರು

ಗುಟ್ಟು ಹೊರಬೀಳದಿರಲೆಂದು ಈ ಯಂತ್ರಗಳನ್ನು ಮರುಭೂಮಿಗೆ ನೀರು ಸಾಗಿಸುವ ತೊಟ್ಟಿಗಳೆಂದು ಕಾರ್ಮಿಕರಿಗೆ ತಿಳಿಸಲಾಗಿತ್ತು. 1915ರ ಡಿಸೆಂಬರಿನಲ್ಲಿ ‘ಟ್ಯಾಂಕ್’ ಎಂಬ ಹೆಸರು ಗೊತ್ತಾಯಿತು. ಕೆಲವು ಟ್ಯಾಂಕುಗಳ ಮೇಲೆ ಪೆಟ್ರೊಗ್ರಾಡಿಗೆ ಹೋಗುವ ಸರಕೆಂದು ರಷ್ಯನ್ ಲಿಪಿಯಲ್ಲಿ ಬರೆಯಿಸಲಾಗಿತ್ತು. ಹೀಗೆ ಮರೆಮಾಚಲು ಇಟ್ಟ ಹೆಸರೇ ಜಗತ್ತಿನ ಹಲವು ಭಾಷೆಗಳಲ್ಲಿ ಉಳಿದುಕೊಂಡಿತು. ಇಂಗ್ಲಿಷಿನ ಈ ಪದಕ್ಕೆ ಗುಜರಾತಿ, ಮರಾಠಿಗಳಲ್ಲಿ ನೀರಿನ ತೊಟ್ಟಿಯನ್ನು ಸೂಚಿಸುವ ಶಬ್ದವು ಮೂಲವೆಂದೂ ಪೋರ್ಚುಗೀಸ್ ಶಬ್ದವೊಂದರ ಪ್ರಭಾವವೂ ಅದರಲ್ಲಿ ಬೆರೆತಿದೆಯೆಂದೂ ನಿಘಂಟುಗಳು ತಿಳಿಸುತ್ತವೆ. ಮೈಸೂರು ಸೀಮೆಯ ಕೆರೆಗಳು ಬ್ರಿಟಿಷ್ ಆಡಳಿತದ ಕಾಗದಪತ್ರಗಳಲ್ಲಿ ‘ಟ್ಯಾಂಕ್’ಗಳೆಂದೇ ದಾಖಲಾಗಿರುವುದನ್ನು ಇಲ್ಲಿ ನೆನೆಯಬಹುದು.

ಮಾರ್ಕ್ 1ರ ರಚನೆ

ಯುದ್ಧಕ್ಕೆ ಇಳಿದ ಮೊದಲ ಮಾದರಿ ಮಾರ್ಕ್ 1. ಇದರ ತೂಕ ಸುಮಾರು 28 ಟನ್. ಹಿಂಬದಿಯ ಚುಕ್ಕಾಣಿ ಗಾಲಿಗಳನ್ನೂ ಸೇರಿಸಿದರೆ ಉದ್ದ ಸುಮಾರು 9.9 ಮೀಟರ್. ಕವಚದ ದಪ್ಪ 6ರಿಂದ 12 ಮಿ.ಮೀ. ಡೈಮ್ಲರ್ ಕಂಪನಿಯ 105 ಅಶ್ವಶಕ್ತಿಯ ಎಂಜಿನ್ ಇದನ್ನು ಗಂಟೆಗೆ ಹೆಚ್ಚೆಂದರೆ 6 ಕಿ.ಮೀ. ವೇಗದಲ್ಲಿ ಒಯ್ಯುತ್ತಿತ್ತು. ಗುಂಡಿಬಿದ್ದ ನೆಲದಲ್ಲಿ ಅದು ನಡೆಯುವ ಮನುಷ್ಯನಿಗಿಂತ ನಿಧಾನ. ಎರಡು ಬದಿಗಳಲ್ಲಿ ಒಂದೊಂದು 57 ಮಿ.ಮೀ. ಫಿರಂಗಿಯನ್ನು ಹೊತ್ತ ಟ್ಯಾಂಕನ್ನು ‘ಗಂಡು’ ಎಂದೂ ಮೆಷಿನ್ ಗನ್ನುಗಳನ್ನು ಮಾತ್ರ ಹೊಂದಿದ್ದನ್ನು ‘ಹೆಣ್ಣು’ ಎಂದೂ ಕರೆಯುತ್ತಿದ್ದರು. ಪ್ರತಿಯೊಂದು ಬಗೆಯಲ್ಲಿ 75 ತಯಾರಾದವು.

ಟ್ಯಾಂಕಿನೊಳಗೆ ಎಂಟು ಮಂದಿ ಇರುತ್ತಿದ್ದರು. ಅವರಲ್ಲಿ ನಾಲ್ವರು ಕೇವಲ ವಾಹನ ನಡೆಸುವುದಕ್ಕೇ ಬೇಕಾಗುತ್ತಿತ್ತು. ಚಾಲಕನು ಎಂಜಿನ್ ಮತ್ತು ಮುಖ್ಯ ಗೇರನ್ನು, ಅವನ ಪಕ್ಕದ ದಳಪತಿಯು ಬ್ರೇಕುಗಳನ್ನು, ಹಿಂದಿದ್ದ ಇಬ್ಬರು ಎಡಬಲ ಪಟ್ಟಿಗಳ ಗೇರುಗಳನ್ನು ನೋಡಿಕೊಳ್ಳುತ್ತಿದ್ದರು. ಎಂಜಿನ್ ಯಾವ ಅಡ್ಡಗೋಡೆಯೂ ಇಲ್ಲದೆ ನಡುವಿನಲ್ಲೇ ಇತ್ತು. ಅದರ ಗದ್ದಲದಲ್ಲಿ ಮಾತು ಕೇಳಿಸುತ್ತಿರಲಿಲ್ಲವಾದ್ದರಿಂದ ಚಾಲಕನು ಎಂಜಿನ್ನಿನ ಹೊದಿಕೆಯ ಮೇಲೆ ಸುತ್ತಿಗೆಯಿಂದ ಬಡಿದು ಗಮನ ಸೆಳೆದು, ಕೈಸನ್ನೆಯಿಂದ ಯಾವ ಗೇರೆಂದು ತಿಳಿಸುತ್ತಿದ್ದನು. ಒಂದು ತಿರುವಿಗೆ ನಾಲ್ವರ ಹೊಂದಾಣಿಕೆ ಅಗತ್ಯವಾಗಿತ್ತು. ಒಳಗಿನ ಉಷ್ಣತೆ 50 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿತ್ತು. ಪೆಟ್ರೋಲಿನ ಆವಿ, ಮದ್ದಿನ ಹೊಗೆ, ಕಾರ್ಬನ್ ಮಾನಾಕ್ಸೈಡ್ ಅನಿಲ ಸೇರಿ ಸಿಬ್ಬಂದಿಗೆ ವಾಂತಿ, ತಲೆಸುತ್ತು, ಕೆಲವೊಮ್ಮೆ ಪ್ರಜ್ಞೆ ತಪ್ಪುವುದು ಸಾಮಾನ್ಯವಾಗಿತ್ತು. ಹೊರಗೆ ಗುಂಡು ತಗುಲಿದಾಗ ಕವಚದ ಒಳಮೈಯಿಂದ ಸಿಡಿಯುವ ಉಕ್ಕಿನ ಚೂರುಗಳು ಕಣ್ಣಿಗೆ ಬೀಳುತ್ತಿದ್ದುದರಿಂದ, ಮುಂದೆ ಸರಪಳಿ ನೇಯ್ದ ಮುಖವಾಡಗಳನ್ನು ನೀಡಲಾಯಿತು. ಹೊರಗಿನವರೊಡನೆ ಸಂಪರ್ಕಕ್ಕೆ ಪಾರಿವಾಳಗಳಿದ್ದವು. ಇಂಧನದ ತೊಟ್ಟಿಗಳೂ ಒಳಗೇ ಇದ್ದ ಕಾರಣ, ಬೆಂಕಿ ಹತ್ತಿದರೆ ಹೊರಬರಲು ಸಿಗುತ್ತಿದ್ದುದು ಕೆಲವು ಕ್ಷಣಗಳು ಮಾತ್ರ.

ಸೋಮ್, 1916

ಸೋಮ್ ಕದನವು ಜುಲೈ 1ರಿಂದ ನಡೆಯುತ್ತಿದ್ದು, ಅಪಾರ ಸಾವುನೋವಿನ ಬಳಿಕವೂ ಬ್ರಿಟಿಷರಿಗೆ ನಿರ್ಣಾಯಕ ಫಲ ದೊರೆತಿರಲಿಲ್ಲ. ಸೇನಾಪತಿ ಡಗ್ಲಸ್ ಹೇಗ್ ಕೈಗೆ ಬಂದಷ್ಟು ಟ್ಯಾಂಕುಗಳನ್ನು ಕೂಡಲೇ ಬಳಸಲು ನಿರ್ಧರಿಸಿದನು. ನೂರಾರು ಟ್ಯಾಂಕುಗಳು ಒಟ್ಟಾಗುವವರೆಗೆ ಗುಟ್ಟನ್ನು ಕಾಯಬೇಕೆಂಬುದು ಸ್ವಿಂಟನ್ನನ ಅಭಿಪ್ರಾಯವಾಗಿತ್ತು. ತಮ್ಮ ಟ್ಯಾಂಕುಗಳು ಸಿದ್ಧವಾಗುವ ತನಕ ತಡೆಯಬೇಕೆಂದು ಫ್ರೆಂಚರೂ ಕೇಳಿಕೊಂಡಿದ್ದರು. ಹೇಗ್ ಇವರ ಮಾತನ್ನು ಒಪ್ಪಲಿಲ್ಲ. ಈ ನಿರ್ಧಾರದ ಸರಿತಪ್ಪು ಇಂದಿಗೂ ಚರ್ಚೆಯಲ್ಲಿದೆ. ಅಚ್ಚರಿಯ ಅಸ್ತ್ರವು ವ್ಯರ್ಥವಾಯಿತೆಂಬುದು ಒಂದು ವಾದ. ಕದನದಲ್ಲಿ ಓಡಿಸಿ ನೋಡದ ಯಂತ್ರವನ್ನು ನೂರಾರು ಸಂಖ್ಯೆಯಲ್ಲಿ ಕಟ್ಟಿದ್ದರೆ ಅದರ ದೋಷಗಳೂ ನೂರ್ಮಡಿಯಾಗುತ್ತಿದ್ದವು ಎಂಬುದು ಇನ್ನೊಂದು. ಮುಂದೆ ನಡೆದುದನ್ನು ನೋಡಿದರೆ ಎರಡನೆಯ ವಾದಕ್ಕೆ ಬಲ ಹೆಚ್ಚು.

ಸೆಪ್ಟೆಂಬರ್ 15ರ ಫ್ಲೆರ್–ಕೂರ್ಸೆಲೆತ್ ದಾಳಿಗೆ 49 ಟ್ಯಾಂಕುಗಳು ಲಭ್ಯವಿದ್ದವು. ಆರಂಭದ ಸ್ಥಾನವನ್ನು ತಲುಪಿದವು ಸುಮಾರು 32. ಉಳಿದವು ದಾರಿಯಲ್ಲೇ ಕೆಟ್ಟವು ಇಲ್ಲವೆ ಹೂತುಹೋದವು. ಕ್ಯಾಪ್ಟನ್ ಮಾರ್ಟಿಮೋರ್‌ನ ‘ಡಿ1’ ಟ್ಯಾಂಕು ಬೆಳಗಿನ ಜಾವ ಡೆಲ್ವಿಲ್ ಕಾಡಿನ ಬಳಿ ಎಲ್ಲಕ್ಕಿಂತ ಮೊದಲು ಮುನ್ನುಗ್ಗಿ, ಸ್ವಲ್ಪ ಹೊತ್ತಿನಲ್ಲೇ ಷೆಲ್ ಬಡಿದು ನಿಂತಿತು. ಒಳಗಿದ್ದ ಇಬ್ಬರು ಮಡಿದರು. ಲೆಫ್ಟಿನೆಂಟ್ ಹೇಸ್ಟಿಯ ‘ಡಿ17’ ಫ್ಲೆರ್ ಹಳ್ಳಿಯ ಬೀದಿಯನ್ನು ಹೊಕ್ಕಿತು. ವಿಮಾನದಿಂದ ಕಂಡ ಈ ದೃಶ್ಯದ ವರದಿಯನ್ನು ಪತ್ರಿಕೆಗಳು ಬಹಳವಾಗಿ ಹೊಗಳಿ ಬರೆದವು. ಹೈ ವುಡ್ ಎಂಬ ಕಾಡಿನಲ್ಲಿ ಮಾತ್ರ ಅನರ್ಥವಾಯಿತು. ಮರದ ಬುಡಗಳಿಂದ ತುಂಬಿದ ಆ ನೆಲದಲ್ಲಿ ಟ್ಯಾಂಕುಗಳು ಸಿಕ್ಕಿಕೊಂಡವು. ಟ್ಯಾಂಕುಗಳು ಸಾಗಲೆಂದು ಫಿರಂಗಿ ದಾಳಿಯಲ್ಲಿ ಓಣಿಗಳನ್ನು ಬಿಡಲಾಗಿತ್ತಾದ್ದರಿಂದ ಅಲ್ಲಿನ ಜರ್ಮನ್ ಮೆಷಿನ್ ಗನ್ನುಗಳು ಹಾಗೆಯೇ ಉಳಿದಿದ್ದವು. ಅದರ ಬೆಲೆಯನ್ನು ತೆತ್ತವರು ಹಿಂದೆ ನಡೆದುಬಂದ ಪದಾತಿಗಳು. ಹಾಗಿದ್ದರೂ ಹೇಗ್ ಇನ್ನೂ 1,000 ಟ್ಯಾಂಕುಗಳಿಗೆ ಬೇಡಿಕೆ ಸಲ್ಲಿಸಿದನು.

ಬುಲೆಕೂರ್ ಮತ್ತು ಈಪ್ರ್, 1917

1917ರ ಏಪ್ರಿಲ್ 11ರಂದು ಬುಲೆಕೂರ್ ಬಳಿ ಫಿರಂಗಿಗಳ ಬದಲು ಹನ್ನೊಂದು ಟ್ಯಾಂಕುಗಳನ್ನೇ ನಂಬಿ 4ನೆಯ ಆಸ್ಟ್ರೇಲಿಯನ್ ಡಿವಿಷನ್ನನ್ನು ಹಿಮದ ಮೇಲೆ ಮುಂದಕ್ಕೆ ಕಳುಹಿಸಲಾಯಿತು. ಟ್ಯಾಂಕುಗಳು ತಡವಾಗಿ ಬಂದವು, ಬಂದವೂ ಬೇಗನೆ ನಾಶವಾದವು. ಆಸ್ಟ್ರೇಲಿಯನ್ನರು 3,000ಕ್ಕೂ ಹೆಚ್ಚು ಮಂದಿಯನ್ನು ಕಳೆದುಕೊಂಡರು; ಅವರಲ್ಲಿ 1,170 ಮಂದಿ ಸೆರೆಯಾದರು. 1918ರ ಜುಲೈ 4ರಂದು ಹಾಮೆಲ್ ಕದನದಲ್ಲಿ ಸುಧಾರಿತ ಟ್ಯಾಂಕುಗಳನ್ನು ಕಣ್ಣಾರೆ ಕಾಣುವವರೆಗೂ ಅವರಿಗೆ ಈ ಯಂತ್ರದ ಮೇಲೆ ವಿಶ್ವಾಸ ಮರಳಲಿಲ್ಲ. 1917ರ ಜುಲೈನಿಂದ ನಡೆದ ಮೂರನೆಯ ಈಪ್ರ್ ಕದನದಲ್ಲಿ ಟ್ಯಾಂಕುಗಳು ಕೆಸರಿನಲ್ಲಿ ಮುಳುಗಿದವು.

ಕಾಂಬ್ರೇ, 1917

ಆ ಹೊತ್ತಿಗೆ ಮಾರ್ಕ್ 4 ಬಳಕೆಗೆ ಬಂದಿತ್ತು. ಇದರ ಕವಚ ಜರ್ಮನರ ಉಕ್ಕು ಸೀಳುವ ಗುಂಡನ್ನು ತಡೆಯುತ್ತಿತ್ತು. ಇಂಧನದ ತೊಟ್ಟಿ ಹಿಂಬದಿಯ ಹೊರಭಾಗಕ್ಕೆ ಸರಿದಿತ್ತು. ಟ್ಯಾಂಕ್ ಕೋರ್ ಎಂಬ ಪ್ರತ್ಯೇಕ ದಳ 1917ರ ಜುಲೈನಲ್ಲಿ ಸ್ಥಾಪನೆಯಾಯಿತು. ಅದರ ನಾಯಕ ಹ್ಯೂ ಎಲ್ಸ್ ಮತ್ತು ಅಧಿಕಾರಿ ಜೆ. ಎಫ್. ಸಿ. ಫುಲ್ಲರ್, ಷೆಲ್ಲುಗಳಿಂದ ಹಾಳಾಗದ ಗಟ್ಟಿ ನೆಲವನ್ನು ಕೇಳಿದರು. ಕಾಂಬ್ರೇ ಪಟ್ಟಣದ ಎದುರಿನ ಸುಣ್ಣಗಲ್ಲಿನ ಬಯಲು ಅಂಥದ್ದಾಗಿತ್ತು.

ನವೆಂಬರ್ 20ರ ಮುಂಜಾನೆ 476 ಟ್ಯಾಂಕುಗಳು ಅಲ್ಲಿ ನೆರೆದವು. ಅವುಗಳಲ್ಲಿ 378 ಹೋರಾಟದವು. ಸುಮಾರು 1,000 ಫಿರಂಗಿಗಳು ಮುಂಚಿತವಾಗಿ ಒಂದು ಗುಂಡನ್ನೂ ಹಾರಿಸದೆ, ಕೇವಲ ಲೆಕ್ಕಾಚಾರದಿಂದ ಗುರಿ ಹೊಂದಿಸಿಕೊಂಡು ದಾಳಿಯ ಕ್ಷಣದಲ್ಲೇ ಸಿಡಿದವು. ಅಗಲವಾದ ಜರ್ಮನ್ ಕಂದಕಗಳನ್ನು ತುಂಬಲು ಟ್ಯಾಂಕುಗಳು ತಲೆಯ ಮೇಲೆ ಸೌದೆಯ ಭಾರಿ ಹೊರೆಗಳನ್ನು ಹೊತ್ತಿದ್ದವು. ಈ ಹೊರೆಗಳನ್ನು ಕಟ್ಟಿದವರಲ್ಲಿ ಸೈನ್ಯದ ಕಾರ್ಯಾಗಾರದ ಚೀನೀ ಕೂಲಿಕಾರರಿದ್ದರೆಂಬುದು ಹೆಚ್ಚು ಜನರಿಗೆ ತಿಳಿಯದ ಸಂಗತಿ. ಎಲ್ಸ್ ತಾನೇ ‘ಹಿಲ್ಡಾ’ ಎಂಬ ಟ್ಯಾಂಕಿನಲ್ಲಿ ನಿಂತು ದಳದ ಬಾವುಟದೊಂದಿಗೆ ಮುನ್ನಡೆದನು. ಈಪ್ರ್‌ನಲ್ಲಿ ಮೂರು ತಿಂಗಳಿಗೂ ಹೆಚ್ಚು ಕಾಲ ಹೋರಾಡಿ ಪಡೆದಷ್ಟು ದೂರವನ್ನು ಇಲ್ಲಿ ಒಂದೇ ದಿನದಲ್ಲಿ ಕ್ರಮಿಸಲಾಯಿತು. ಕೆಲವೆಡೆ ಮುನ್ನಡೆ 8 ಕಿ.ಮೀ. ಮುಟ್ಟಿತು. ಬ್ರಿಟನ್ನಿನಲ್ಲಿ ಚರ್ಚುಗಳ ಗಂಟೆಗಳು ಮೊಳಗಿದವು.

ಆದರೆ ಆ ಒಂದೇ ದಿನದಲ್ಲಿ 179 ಟ್ಯಾಂಕುಗಳು ನಿಷ್ಕ್ರಿಯವಾಗಿದ್ದವು. ಅವುಗಳಲ್ಲಿ ಶತ್ರುವಿನ ಗುಂಡಿಗೆ ಬಲಿಯಾದವು 65. ಯಂತ್ರದ ಕೆಡುಕಿನಿಂದ ನಿಂತವು 71. ಹಳ್ಳಕ್ಕೆ ಬಿದ್ದು ಸಿಕ್ಕಿಕೊಂಡವು 43. ಫ್ಲೆಸ್ಕಿಯೇರ್ ದಿಬ್ಬದಲ್ಲಿ ಪದಾತಿದಳವು ಬಹಳ ಹಿಂದೆ ಉಳಿದದ್ದರಿಂದ, ಜರ್ಮನ್ ಫಿರಂಗಿಗಳು ಒಂಟಿಯಾದ ಟ್ಯಾಂಕುಗಳನ್ನು ಒಂದೊಂದಾಗಿ ಹೊಡೆದವು. ನವೆಂಬರ್ 30ರಂದು ಜರ್ಮನರು ನಡೆಸಿದ ಪ್ರತಿದಾಳಿಯಲ್ಲಿ ಗೆದ್ದ ನೆಲದ ಬಹುಭಾಗ ಕೈತಪ್ಪಿತು. ಮರುದಿನ ಗೋಶ್ ಕಾಡಿನ ಸುತ್ತ ನಡೆದ ಹೋರಾಟದಲ್ಲಿ ಟ್ಯಾಂಕುಗಳ ಜೊತೆ ಭಾರತೀಯ ಅಶ್ವದಳವೂ ಭಾಗವಹಿಸಿತು. ಆ ದಿನ ಸಂದೇಶಗಳನ್ನು ಮುಟ್ಟಿಸಿದ ಸಾಹಸಕ್ಕಾಗಿ ಲ್ಯಾನ್ಸ್ ದಫೇದಾರ್ ಗೋಬಿಂದ್ ಸಿಂಗ್‌ಗೆ ವಿಕ್ಟೋರಿಯಾ ಕ್ರಾಸ್ ದೊರೆಯಿತು.

ಫ್ರಾನ್ಸ್ ಮತ್ತು ಜರ್ಮನಿ

ಫ್ರಾನ್ಸಿನಲ್ಲಿ ಕರ್ನಲ್ ಎಸ್ತಿಯೆನ್ನನ ಪ್ರೇರಣೆಯಿಂದ ಟ್ಯಾಂಕುಗಳು ಸ್ವತಂತ್ರವಾಗಿ ಬೆಳೆದವು. ಅಲ್ಲಿ 1918ರ ಮೇ ತಿಂಗಳಿನಲ್ಲಿ ಯುದ್ಧಕ್ಕಿಳಿದ ಪುಟ್ಟ ರೆನೋ ಎಫ್‌ಟಿಯ ಸಿಬ್ಬಂದಿ ಇಬ್ಬರೇ. ಸುತ್ತಲೂ ತಿರುಗುವ ಗೋಪುರ ಮೇಲೆ, ಎಂಜಿನ್ ಹಿಂದೆ ಎಂಬ ಅದರ ಜೋಡಣೆಯೇ ಇಂದಿನ ಬಹುತೇಕ ಟ್ಯಾಂಕುಗಳಲ್ಲಿ ಮುಂದುವರಿದಿದೆ. ಜರ್ಮನಿ ತಯಾರಿಸಿದ ಎ7ವಿ ಟ್ಯಾಂಕುಗಳು 20 ಮಾತ್ರ; ಸೆರೆಹಿಡಿದ ಬ್ರಿಟಿಷ್ ಟ್ಯಾಂಕುಗಳೇ ಅದರ ಬಳಿ ಹೆಚ್ಚಾಗಿದ್ದವು. 1918ರ ಏಪ್ರಿಲ್ 24ರಂದು ವಿಲೇರ್–ಬ್ರೆತನೋ ಬಳಿ ಎ7ವಿ ಮತ್ತು ಮಾರ್ಕ್ 4 ಎದುರಾದದ್ದು ಟ್ಯಾಂಕುಗಳ ನಡುವಣ ಮೊದಲ ಕಾಳಗ.

ಆಮಿಯೆನ್, 1918

ಮಾರ್ಕ್ 5ರಲ್ಲಿ ವಿಲ್ಸನ್ ರೂಪಿಸಿದ ಹೊಸ ಗೇರ್ ವ್ಯವಸ್ಥೆಯಿಂದ ಒಬ್ಬನೇ ಚಾಲಕ ವಾಹನವನ್ನು ನಡೆಸುವುದು ಸಾಧ್ಯವಾಯಿತು. ಹ್ಯಾರಿ ರಿಕಾರ್ಡೋ ವಿನ್ಯಾಸದ 150 ಅಶ್ವಶಕ್ತಿಯ ಎಂಜಿನ್ ಬಂದಿತು. ಗಾಳಿಯಾಟ ಮಾತ್ರ ಹಿಂದಿಗಿಂತ ಕೆಟ್ಟಿತು. ಆಗಸ್ಟ್ 8ರಂದು ಆಮಿಯೆನ್ ಬಳಿ ಆಸ್ಟ್ರೇಲಿಯನ್, ಕೆನಡಿಯನ್ ಮತ್ತು ಬ್ರಿಟಿಷ್ ಪಡೆಗಳೊಂದಿಗೆ 414 ಹೋರಾಟದ ಟ್ಯಾಂಕುಗಳು ಸಾಗಿದವು. ಮುನ್ನಡೆ 11 ಕಿ.ಮೀ. ಮೀರಿತು. ಜರ್ಮನ್ ಸೇನಾನಿ ಲೂಡೆನ್‌ಡಾರ್ಫ್ ಇದನ್ನು ತನ್ನ ಸೈನ್ಯದ ಕರಾಳ ದಿನವೆಂದು ಬಣ್ಣಿಸಿದನು. ಮರುದಿನ ಕದನಕ್ಕೆ ಒದಗಿದ ಟ್ಯಾಂಕುಗಳು 145. ಆಗಸ್ಟ್ 12ರಂದು 6. ಹಗುರವಾದ ವಿಪ್ಪೆಟ್ ಟ್ಯಾಂಕುಗಳನ್ನು ಅಶ್ವದಳದ ಜೊತೆ ಕೂಡಿಸಿದ ಪ್ರಯೋಗವೂ ಹೊಂದಿಬರಲಿಲ್ಲ. ಗುಂಡಿಲ್ಲದೆಡೆ ಕುದುರೆಗಳು ಮುಂದೋಡುತ್ತಿದ್ದವು. ಗುಂಡು ಬಿದ್ದೆಡೆ ಟ್ಯಾಂಕು ಮಾತ್ರ ಹೋಗಬಲ್ಲದಾಗಿತ್ತು.

ಆವಿಷ್ಕಾರದ ಶ್ರೇಯಸ್ಸು

ಟ್ಯಾಂಕನ್ನು ಕಂಡುಹಿಡಿದವರು ತಾವೆಂದು ಹಲವರು ಮುಂದೆ ಬಂದುದರಿಂದ 1919ರಲ್ಲಿ ಬ್ರಿಟಿಷ್ ರಾಜ ಆಯೋಗವೊಂದು ವಿಚಾರಣೆ ನಡೆಸಿತು. ಟ್ರಿಟನ್ ಮತ್ತು ವಿಲ್ಸನ್ ಇಬ್ಬರಿಗೂ ಸೇರಿ 15,000 ಪೌಂಡು, ಸ್ವಿಂಟನ್ನನಿಗೆ 1,000 ಪೌಂಡು ದೊರೆಯಿತು. ಡಿ ಮೋಲನ 1912ರ ನಕ್ಷೆ ಶ್ರೇಷ್ಠವೆಂದು ಆಯೋಗವು ಒಪ್ಪಿಕೊಂಡಿತು. ಆದರೆ ಯುದ್ಧದಲ್ಲಿ ಬಳಕೆಯಾದ ಟ್ಯಾಂಕಿಗೆ ಅದು ಆಧಾರವಾಗಿರಲಿಲ್ಲವೆಂಬ ಕಾರಣದಿಂದ ಅವನಿಗೆ ಖರ್ಚಿನ ಹಣವನ್ನಷ್ಟೇ ಕೊಡಲಾಯಿತು.

ಉಳಿದಿರುವ ಟ್ಯಾಂಕುಗಳು

ಲಿಟ್ಲ್ ವಿಲ್ಲಿ ಮತ್ತು ಮಾರ್ಕ್ 1ರ ಉಳಿದಿರುವ ಏಕೈಕ ವಾಹನ ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ವಸ್ತುಸಂಗ್ರಹಾಲಯದಲ್ಲಿವೆ. ಕಾಂಬ್ರೇ ಕದನದ ಮೊದಲ ದಿನವೇ ಫ್ಲೆಸ್ಕಿಯೇರ್‌ನಲ್ಲಿ ಷೆಲ್ಲುಗಳಿಗೆ ತುತ್ತಾದ ‘ಡೆಬೊರಾ’ ಎಂಬ ಮಾರ್ಕ್ 4 ಟ್ಯಾಂಕು ಮಣ್ಣಿನಡಿ ಹೂತುಹೋಗಿದ್ದು, 1998ರಲ್ಲಿ ಉತ್ಖನನದಿಂದ ಹೊರಬಂದಿತು. ಒಡೆದ ಸ್ಥಿತಿಯಲ್ಲೇ ಅದನ್ನು ಅದೇ ಹಳ್ಳಿಯ ಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಅದರ ಎಂಟು ಮಂದಿ ಸಿಬ್ಬಂದಿಯಲ್ಲಿ ಮಡಿದ ಐವರ ಸಮಾಧಿಗಳು ಫ್ಲೆಸ್ಕಿಯೇರ್‌ನ ಸೈನಿಕ ಸ್ಮಶಾನದಲ್ಲಿವೆ.